ಎಚ್‌ಎಂಟಿ ಗೇರಿನ ನಕ್ಷೆ ಯಾರ ಆಸ್ತಿ?

ಹುನಗುಂದ ಸೀಮೆಯ ಎರೆ ಹೊಲ ಬಿತ್ತನೆಗೆ ಬಹಳ ದಿನ ಕಾಯುವುದಿಲ್ಲ. ಹಸ್ತ, ಚಿತ್ತಿ ಮಳೆ ಬಿದ್ದು ನೆಲ ಕಾಲು ಹೂಳದಷ್ಟು ಆರಿದ ಕೆಲವೇ ದಿನಗಳಲ್ಲಿ ಬಿಳಿಜೋಳ, ಕಡಲೆ, ಕುಸುಬಿ ಬಿತ್ತಿ ಮುಗಿಸಬೇಕು. ಹದ ತಪ್ಪಿದರೆ ಎರೆ ಬಿರಿಯುತ್ತದೆ, ಬೀಜ ಹುಟ್ಟುವುದಿಲ್ಲ. ಆ ದಿನಗಳಲ್ಲೇ ಗೇರಿನ ಹಲ್ಲು ಹಾರಿದರೆ ಹೊಸ ಟ್ರ್ಯಾಕ್ಟರಿನವನು ಷೋರೂಮಿಗೆ ಫೋನು ಮಾಡುತ್ತಾನೆ. ಹಳೆಯ ಎಚ್‌ಎಂಟಿ ಇಟ್ಟುಕೊಂಡವನಿಗೆ ಆ ದಾರಿಯಿಲ್ಲ. ಬೆಂಗಳೂರಿನಲ್ಲಿ 1953ರಲ್ಲಿ ಲೇತ್ ತಯಾರಿಸಲು ಹುಟ್ಟಿದ ಈ ಸರ್ಕಾರಿ ಕಂಪನಿ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಝೆಕೋಸ್ಲೊವಾಕಿಯಾದ ಝೆಟಾರ್ ಜತೆಗೂಡಿ 25 ಎಚ್‌ಪಿಯ ಟ್ರ್ಯಾಕ್ಟರ್ ಮಾಡತೊಡಗಿತು. 2016ರಲ್ಲಿ ಕೇಂದ್ರ ಸಂಪುಟ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಒಪ್ಪಿತು. ಕಾರ್ಖಾನೆಯ ಬಾಗಿಲು ಹಾಕಿತೆಂದು ಗಾಡಿಗಳು ನಿಲ್ಲುವುದಿಲ್ಲವಲ್ಲ. ಅವುಗಳ ಮಾಲೀಕರಿಗೆ ಈಗ ಉಳಿದಿರುವುದು ಗುಜರಿಯಲ್ಲಿ ಬಿಚ್ಚಿಟ್ಟ ಗೇರು, ತಯಾರಕರು ಯಾರೆಂದೇ ತಿಳಿಯದ ಪೊಟ್ಟಣದ ಮಾಲು, ಇಲ್ಲವೇ ಊರಿನ ಲೇತ್ ಅಂಗಡಿ. ಈ ಮೂರರಲ್ಲಿ ಭರವಸೆ ಇಡಬಹುದಾದದ್ದು ಮೂರನೆಯದೇ. ಅದಕ್ಕೆ ಕೊರತೆಯಿರುವುದು ಯಂತ್ರದ್ದಲ್ಲ, ಕೈಚಳಕದ್ದೂ ಅಲ್ಲ, ನಕ್ಷೆಯದು. ಸಾರ್ವಜನಿಕರ ದುಡ್ಡಿನಿಂದ ನಡೆದ ಕಂಪನಿಯ ಗೇರ್ ನಕ್ಷೆಗಳನ್ನು ಸರ್ಕಾರ ಎಲ್ಲರಿಗೂ ತೆರೆದಿಡಬೇಕು.

ಮಾದರಿ ಗೇರೇ ಕೈಯಲ್ಲಿರುವಾಗ ನಕ್ಷೆ ಏಕೆ ಎಂದು ಕೇಳಬಹುದು. ಸರಳ ಗೇರಾದರೆ ನಿಜಕ್ಕೂ ಬೇಕಿಲ್ಲ. ಹಲ್ಲು ಎಣಿಸಿ, ಅದಕ್ಕೆ ಎರಡು ಕೂಡಿಸಿ, ಹೊರ ವ್ಯಾಸವನ್ನು ಅದರಿಂದ ಭಾಗಿಸಿದರೆ ಹಲ್ಲಿನ ಅಳತೆ, ಅಂದರೆ ಮಾಡ್ಯೂಲ್, ಸಿಗುತ್ತದೆ. 30 ಹಲ್ಲಿನ ಗೇರು 128 ಮಿಲಿಮೀಟರ್ ಇದ್ದರೆ ಮಾಡ್ಯೂಲ್ 4. ಇಷ್ಟು ಲೆಕ್ಕ ಅನುಭವಿ ಟರ್ನರ್‌ಗೆ ಬಾಯಿಪಾಠ. ತೊಡಕು ಬರುವುದು ಚಿಕ್ಕ ಗೇರುಗಳಲ್ಲಿ. 20 ಡಿಗ್ರಿ ಒತ್ತುಕೋನದ ಗೇರಿನಲ್ಲಿ ಹಲ್ಲುಗಳು 17ಕ್ಕಿಂತ ಕಡಿಮೆಯಾದರೆ ಕತ್ತರಿಸುವಾಗಲೇ ಬುಡ ಕೊರೆದುಹೋಗಿ ಹಲ್ಲು ಬಲಹೀನವಾಗುತ್ತದೆ. ಇದನ್ನು ತಪ್ಪಿಸಲು ವಿನ್ಯಾಸಕಾರರು ಕಟ್ಟರನ್ನು ತುಸು ಹೊರಕ್ಕೆ ಸರಿಸಿ, ಬುಡ ದಪ್ಪವಾಗುವಂತೆ ಮಾಡುತ್ತಾರೆ. ಆಗ 68 ಮಿಲಿಮೀಟರ್ ಇರಬೇಕಾದ 15 ಹಲ್ಲಿನ ಗೇರು 70 ಆಗಬಹುದು. ಭಾಗಿಸಿದರೆ 4.12 ಎಂಬ, ಯಾವ ಕೋಷ್ಟಕದಲ್ಲೂ ಇಲ್ಲದ ಅಂಕಿ ಬರುತ್ತದೆ. ಇಂಚಿನ ಪದ್ಧತಿಯ 6 ಪಿಚ್ ಗೇರಿನ ಮಾಡ್ಯೂಲ್ 4.23. ಅಳೆಯುವವನು ಇದು ಅದೇ ಇರಬೇಕೆಂದು ಆ ಕಟ್ಟರ್ ಹಾಕಿದರೆ ಗೇರು ಕೂರುತ್ತದೆ, ತಿರುಗುತ್ತದೆ, ಕಿರುಗುಟ್ಟುತ್ತದೆ, ಒಂದು ಹಂಗಾಮಿನಲ್ಲಿ ಜತೆಯ ಗೇರನ್ನೂ ತಿಂದುಹಾಕುತ್ತದೆ. ಸಾಲದ್ದಕ್ಕೆ ಅಂಗಡಿಗೆ ಬರುವ ಮಾದರಿಯೇ ಸವೆದದ್ದು, ಅರ್ಧ ಹಲ್ಲು ಹಾರಿದ್ದು. ಕಟ್ಟರನ್ನು ಎಷ್ಟು ಸರಿಸಿದ್ದರು ಎಂಬುದನ್ನು ಅಂಥ ತುಂಡು ಹೇಳಲಾರದು. ನಕ್ಷೆಯ ಒಂದು ಸಾಲು ಹೇಳುತ್ತದೆ.

ಎರಡನೆಯ ಗುಟ್ಟು ಉಕ್ಕು ಮತ್ತು ಬೆಂಕಿಯದು. ಒಳ್ಳೆಯ ಗೇರು ಮೇಲೆ ಗಟ್ಟಿ, ಒಳಗೆ ಗಡುಸಾಗದೆ ಹೊಡೆತ ತಾಳುವಂಥದ್ದು. 20 ಎಂಎನ್‌ಸಿಆರ್ 5ನಂಥ ಉಕ್ಕನ್ನು ಇಂಗಾಲದ ವಾತಾವರಣದಲ್ಲಿ 900 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿ ಎಣ್ಣೆಯಲ್ಲಿ ತಣಿಸಿದರೆ ಮೇಲ್ಪದರಕ್ಕೆ ರಾಕ್‌ವೆಲ್ 60ರ ಆಸುಪಾಸಿನ ಗಡಸು ಬರುತ್ತದೆ. ಸುಲಭವಾಗಿ ಸಿಗುವ ಇಎನ್ 8 ಸರಳಿನಲ್ಲಿ ಹಲ್ಲು ಕೊರೆದು, ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಮಾಡಿ ನೀರಿಗೆ ಅದ್ದಿದ ಗೇರು ನೋಡಲು ಹಾಗೆಯೇ ಇರುತ್ತದೆ, ಎರೆಯಲ್ಲಿ ರೆಂಟೆ ಎಳೆಯುವಾಗ ಅದರ ಬಣ್ಣ ಬಯಲಾಗುತ್ತದೆ. ಇಲ್ಲಿ ಮಿಸ್ತ್ರಿಯನ್ನು ದೂರಿ ಫಲವಿಲ್ಲ. ಯಾವ ಉಕ್ಕು, ಎಷ್ಟು ಆಳದ ಗಡಸು ಎಂದು ಅವನಿಗೆ ಹೇಳಿದವರು ಯಾರು? ಕೆಂಪು ಗ್ರಾನೈಟ್ ಗಣಿಗಳ ಯಂತ್ರಗಳನ್ನು ಸಾಕುವ ಇಳಕಲ್ಲಿಗೆ ಲೇತ್ ಕೆಲಸ ಹೊಸದಲ್ಲ. ಶಾಖ ಸಂಸ್ಕರಣೆಗೆ ಬೆಳಗಾವಿಯಂಥ ಕೈಗಾರಿಕಾ ಊರು ಒಂದು ದಿನದ ಹಾದಿ. ಡೆನ್ಮಾರ್ಕ್ ನೆರವಿನಲ್ಲಿ 1972ರಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇಂದು ರಾಜ್ಯದ ಹಲವು ಊರುಗಳಲ್ಲಿದೆ. ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದೇ ಅಲ್ಲಿನ ಪಾಠ. ಎಚ್‌ಎಂಟಿ ಹೆಸರಿನ ಲೇತ್ ಇನ್ನೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿದೆ. ಆ ಲೇತಿಗೇ ಎಚ್‌ಎಂಟಿ ಗೇರಿನ ಅಳತೆ ಗೊತ್ತಿಲ್ಲ!

ಇಷ್ಟೆಲ್ಲ ಒದ್ದಾಟಕ್ಕಿಂತ ಹಳೆಯದನ್ನು ಮಾರಿ ಹೊಸ ಮಿನಿ ಟ್ರ್ಯಾಕ್ಟರ್ ಕೊಳ್ಳಬಾರದೇ ಎನ್ನುವವರಿದ್ದಾರೆ. ಹೊಸದರಲ್ಲಿ ಡೀಸೆಲ್ ಉಳಿತಾಯವಿದೆ, ಚಾಲಕನಿಗೆ ಸುಖವಿದೆ. ದ್ರಾಕ್ಷಿ, ದಾಳಿಂಬೆಯ ಕಿರಿದಾದ ಸಾಲುಗಳಿಗೆ ಹೊಸ ಸಣ್ಣ ಗಾಡಿಯೇ ಮೇಲು ಎಂಬುದನ್ನೂ ಒಪ್ಪೋಣ. ಆದರೆ ಸಾಲದ ಕಂತು ಮಳೆ ನೋಡಿ ಬರುವುದಿಲ್ಲ. ಮಳೆಯಾಶ್ರಿತ ರೈತನಿಗೆ ಸಾಲ ತೀರಿದ ಟ್ರ್ಯಾಕ್ಟರ್ ಎಂದರೆ ಬರಗಾಲದಲ್ಲೂ ಭಾರವಾಗದ ಆಸ್ತಿ. ಎಂಜಿನ್ನು ಗಟ್ಟಿಯಿದ್ದೂ ಅಂಗೈಯಗಲದ ಒಂದು ಗೇರಿಗಾಗಿ ಅದನ್ನು ಗುಜರಿಗೆ ಹಾಕಿಸುವುದು ಪ್ರಗತಿಯೇನಲ್ಲ. ಕೂರಿಗೆ, ಕುಂಟೆ ಮುರಿದರೆ ಬಡಿಗೇರ, ಕಮ್ಮಾರರು ಊರಲ್ಲೇ ಸರಿಮಾಡುತ್ತಿದ್ದರು. ಟ್ರ್ಯಾಕ್ಟರ್ ಬಂದಮೇಲೆ ದುಡಿಮೆ ಹಗುರಾಯಿತು, ರಿಪೇರಿ ಮಾತ್ರ ಊರು ಬಿಟ್ಟು ಹೋಯಿತು.

ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ತುಂಬಿದ ಟ್ರಾಲಿ ಇಳಿಜಾರಿನಲ್ಲಿರುವಾಗ ಹಲ್ಲು ಮುರಿದರೆ ಎಂಜಿನ್ನಿನ ತಡೆ ತಪ್ಪಿ ಗಾಡಿ ಜಾರಬಹುದು. ಅಪಾಯ ನಿಜ, ಆದರೆ ಅದು ಈಗಾಗಲೇ ಇದೆ. ಅಂದಾಜಿನ ಗೇರುಗಳು ಇಂದೂ ರಸ್ತೆಯಲ್ಲಿವೆ. ನಕ್ಷೆ ಮುಚ್ಚಿಟ್ಟರೆ ಅವು ಕಡಿಮೆಯಾಗುವುದಿಲ್ಲ. ನಕ್ಷೆ ತೆರೆದರೆ ತಯಾರಾದ ಗೇರನ್ನು ಯಾವುದಕ್ಕೆ ಹೋಲಿಸಿ ಪರೀಕ್ಷಿಸಬೇಕು ಎಂಬುದಾದರೂ ತಿಳಿಯುತ್ತದೆ. ಮೊದಲ ಕಂತಿನಲ್ಲಿ ಸ್ಟೀರಿಂಗ್, ಬ್ರೇಕ್ ಭಾಗಗಳನ್ನು ಬಿಟ್ಟು ಗೇರ್‌ಬಾಕ್ಸಿಗಷ್ಟೇ ಕೈಹಾಕುವುದು ವಿವೇಕ. ಇನ್ನು ಬೌದ್ಧಿಕ ಆಸ್ತಿಯ ಮಾತು. ನಮ್ಮ ಕಾನೂನಿನಲ್ಲಿ ಪೇಟೆಂಟಿನ ಆಯುಸ್ಸು 20 ವರ್ಷ, ನೋಂದಾಯಿತ ವಿನ್ಯಾಸದ್ದು ಹೆಚ್ಚೆಂದರೆ 15. 1970, 80ರ ದಶಕಗಳ ಗೇರಿಗೆ ಎರಡೂ ಮುಗಿದಿವೆ. ವಿದೇಶಿ ಸಹಯೋಗದ ಹಳೆಯ ಕರಾರು ಯಾವುದಾದರೂ ನಕ್ಷೆಗೆ ಅಡ್ಡಬಂದರೆ, ಬಳಸದ ಗೇರೊಂದನ್ನು ಹುಡುಕಿ ಉಪಕರಣಾಗಾರದಲ್ಲಿ ಅಳೆಸಿ ಹೊಸ ನಕ್ಷೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿದಾಗ, ಗಮನ ಕೊಡಬೇಕಾದ ಕ್ಷೇತ್ರಗಳ ಪಟ್ಟಿಯಲ್ಲಿ ಕೃಷಿ ಉಪಕರಣಗಳೂ ಇದ್ದವು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಟ್ರ್ಯಾಕ್ಟರ್ ರಿಪೇರಿಗೆ ಬೇಕಾದ ಕೈಪಿಡಿ, ಬಿಡಿಭಾಗಗಳನ್ನು ರೈತರಿಗೆ ಒದಗಿಸಲೇಬೇಕೆಂದು ಕಾನೂನು ಮಾಡಿತು. ಅಲ್ಲಿ ಎದುರಿಗಿದ್ದದ್ದು ಖಾಸಗಿ ಕಂಪನಿಗಳು, ಮಣಿಸಲು ಕಾನೂನೇ ಬೇಕಾಯಿತು. ಎಚ್‌ಎಂಟಿಯ ಒಡೆಯ ಸರ್ಕಾರವೇ, ಕಂಪನಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಅದು ಬರುವ ಬೃಹತ್ ಕೈಗಾರಿಕೆ ಖಾತೆ 2024ರ ಜೂನ್‌ನಲ್ಲಿ ಮಂಡ್ಯದ ಸಂಸದ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಬಂದಿತು. ಎಚ್‌ಎಂಟಿಯನ್ನು ಮತ್ತೆ ಎತ್ತಿ ನಿಲ್ಲಿಸುವ ಮಾತನ್ನೂ ಅವರು ಆಡಿದ್ದಾರೆ. ಕಾರ್ಖಾನೆ ಎದ್ದು ನಿಲ್ಲಲು ಸಾವಿರಾರು ಕೋಟಿ ಬೇಕಾದೀತು, ವರ್ಷಗಳೂ ಹಿಡಿದಾವು. ಗೇರ್‌ಬಾಕ್ಸಿನ ನಕ್ಷೆಗಳನ್ನು ಸ್ಕ್ಯಾನ್ ಮಾಡಿಸಿ ಉಪಕರಣಾಗಾರಗಳಿಗೆ, ಪಾಲಿಟೆಕ್ನಿಕ್‌ಗಳಿಗೆ ಕಳಿಸಲು ಒಂದು ಆದೇಶ ಸಾಕು. ಅದು ಮುಂದಿನ ಹಿಂಗಾರಿಗೆ ಮುಂಚೆ ಹೊರಬೀಳಲಿ.