ಭೂತದ ಸಿಟ್ಟು ಯಾರ ಮೇಲೆ?

ವೇದಗಂಗೆ ತುಂಬಿ ಹರಿಯುವ ದಿನಗಳಲ್ಲಿ ಅಕ್ಕೋಳದಲ್ಲಿ ರಾತ್ರಿ ಊಟವಾದ ಮೇಲೆ ಮಾಡಲಿಕ್ಕೆ ಹೆಚ್ಚು ಕೆಲಸವಿರುವುದಿಲ್ಲ. ಅಂಥ ಒಂದು ರಾತ್ರಿ ನೆರೆಮನೆಯ ಪಡಸಾಲೆಯಲ್ಲಿ ಎಂಟು-ಹತ್ತು ಜನ ಕೂಡಿ ಟಿ.ವಿ.ಯಲ್ಲಿ ‘ಚಂದ್ರಮುಖಿ 2’ ಚಿತ್ರವನ್ನು ನೋಡಿದೆವು. ಹೊರಗೆ ಜಿಟಿಜಿಟಿ ಮಳೆ, ಕಪ್ಪೆಗಳ ಒದರಾಟ. ಒಳಗೆ ದೀಪ ಆರಿಸಿ ಕುಳಿತ ಮಕ್ಕಳು. ಭೂತದ ಕಥೆಗೆ ಇದಕ್ಕಿಂತ ಅನುಕೂಲವಾದ ರಂಗಸಜ್ಜಿಕೆಯನ್ನು ಯಾವ ನಿರ್ಮಾಪಕನೂ ದುಡ್ಡು ಕೊಟ್ಟು ಕಟ್ಟಿಸಲಾರ. ಆದರೂ ಒಬ್ಬರೂ ಅಂಜಲಿಲ್ಲ. ನಡುವೆ ಇಬ್ಬರು ಎದ್ದು ಹೋದರು; ಒಬ್ಬರು ಕೂತಲ್ಲಿಯೇ ನಿದ್ದೆ ಹೋದರು.

ಚಿತ್ರ ಮುಗಿದ ಮೇಲೆ ಪಂಚಾಯಿತಿ ಸೇರಿತು. ಮನೆಯ ಹುಡುಗ, “ಸರ, ಗ್ರಾಫಿಕ್ಸ್ ಭಾಳ ಸುಮಾರ ಅದಾವ್ರಿ” ಎಂದ. ಅವನ ಅಪ್ಪ, “ಮೊದಲಿಂದ ಚಲೋ ಇತ್ತು, ಇದು ಅದರ ಎಂಜಲ” ಎಂದು ತೀರ್ಪು ಕೊಟ್ಟ. ನಿವೃತ್ತ ಮಾಸ್ತರರೊಬ್ಬರು, “ಊರ ತುಂಬ ಲೈಟ ಬಂದಾವ, ಈಗ ದೆವ್ವಕ್ಕ ಯಾರ ಅಂಜತಾರ್ರೀ?” ಎಂದು ಕಾಲಧರ್ಮವನ್ನೇ ಸಾಕ್ಷಿಗೆ ಕರೆದರು. ಮೂಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದ ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದಳು: “ಅಲ್ರೀ ಸರ, ಆಕಿಗೆ ಸಿಟ್ಟ ಯಾರ ಮ್ಯಾಲ?”

ಉತ್ತರ ಯಾರಿಗೂ ತಿಳಿದಿರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆ ಚಿತ್ರ ತೆರೆಗೆ ಬಂದಾಗ ಪತ್ರಿಕೆಗಳ ವಿಮರ್ಶಕರು ಅದನ್ನು ಹಿಗ್ಗಾಮುಗ್ಗಾ ಬಯ್ದಿದ್ದರು. ಆ ಬೈಗುಳಗಳನ್ನೆಲ್ಲ ಒಂದು ತಕ್ಕಡಿಗೂ ಅಜ್ಜಿಯ ಈ ಒಂದು ಮಾತನ್ನು ಇನ್ನೊಂದಕ್ಕೂ ಹಾಕಿದರೆ ಅಜ್ಜಿಯ ತಕ್ಕಡಿಯೇ ಕೆಳಗಿಳಿಯುತ್ತದೆಂಬುದು ನನ್ನ ವಾದ.

ಮೊದಲು ಮಾಸ್ತರರ ಮಾತನ್ನು ನೋಡೋಣ. ಜನ ಬುದ್ಧಿವಂತರಾದರು, ಆದ್ದರಿಂದ ಭೂತಕ್ಕೆ ಬೆಲೆಯಿಲ್ಲ ಎಂಬುದು ಕೇಳಲಿಕ್ಕೆ ಬಹಳ ಹಿತವಾದ ಮಾತು. ಆಡುವವನನ್ನೂ ಬುದ್ಧಿವಂತರ ಪಂಕ್ತಿಯಲ್ಲಿ ಕೂರಿಸುತ್ತದೆ. ಆದರೆ ‘ತುಂಬಾಡ್’ ಎಂಬ ಹಿಂದಿ ಚಿತ್ರ 2018ರಲ್ಲಿ ಬಂದಾಗ ಹೆಚ್ಚು ಜನ ನೋಡಲಿಲ್ಲ. 2024ರಲ್ಲಿ ಅದನ್ನು ಮತ್ತೆ ಬಿಡುಗಡೆ ಮಾಡಿದಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಬಿಡದ ಮಳೆಯಲ್ಲಿ ಕೊಳೆಯುತ್ತಿರುವ ಕೊಂಕಣದ ಒಂದು ವಾಡೆ, ಚಿನ್ನದ ಆಸೆಗೆ ಅದರ ಗರ್ಭಕ್ಕೆ ಇಳಿಯುವ ಅಪ್ಪ-ಮಗ, ಇಷ್ಟೇ ಅದರ ಬಂಡವಾಳ. ಅದೇ ವರ್ಷ ಕೇರಳದಲ್ಲಿ 1993ರ ‘ಮಣಿಚಿತ್ರತ್ತಾಳ್’ ಮರಳಿ ತೆರೆಗೆ ಬಂತು. ಮೂವತ್ತು ವರ್ಷ ಹಳೆಯ ಗುಟ್ಟು. ಮಕ್ಕಳಿಗೂ ಗೊತ್ತಿರುವ ಗುಟ್ಟು. ಆದರೂ ಜನ ಹೋದರು. ಲೈಟು ಅವರ ಊರುಗಳಿಗೂ ಬಂದಿದೆಯಲ್ಲವೆ?

ಹಾಗಾದರೆ ಕೆಟ್ಟದ್ದು ಎಲ್ಲಿ? ಕನ್ನಡ ಪಾಠ ಹೇಳುವವನ ಚಟದಂತೆ ನಾನು ಭರತನ ಬಳಿಗೆ ಹೋಗುತ್ತೇನೆ; ಓದುಗರು ಕ್ಷಮಿಸಬೇಕು. ಭಯಾನಕ ರಸದ ವಿಭಾವಗಳನ್ನು ಎಣಿಸುವಾಗ ನಾಟ್ಯಶಾಸ್ತ್ರವು ವಿಕಾರವಾದ ಸದ್ದು, ನರಿ-ಗೂಗೆಗಳ ಕೂಗು, ಶೂನ್ಯವಾದ ಮನೆ, ಅಡವಿ ಇವನ್ನೆಲ್ಲ ಹೇಳುತ್ತದೆ. ನಮ್ಮ ನಿರ್ದೇಶಕರು ಅಲ್ಲಿಯವರೆಗೆ ಚೆನ್ನಾಗಿ ಓದಿದ್ದಾರೆ. ಆದರೆ ಅದೇ ಪಟ್ಟಿಯಲ್ಲಿ ಮುಂದೆ ಸ್ವಜನರ ವಧೆಯನ್ನೂ ಬಂಧನವನ್ನೂ ಕಾಣುವುದು, ಕೇಳುವುದು ಎಂಬ ಮಾತೂ ಇದೆ. ಬರಿಯ ಪಾಳುಮನೆ ಹೆದರಿಸುವುದಿಲ್ಲ. ಅದರಲ್ಲಿ ನಮ್ಮವರೊಬ್ಬರನ್ನು ಕೂಡಿಹಾಕಿದ್ದರು, ಕೊಂದಿದ್ದರು ಎಂದು ತಿಳಿದಾಗ ಮೈ ಜುಮ್ಮೆನ್ನುತ್ತದೆ. ಪುಟ ತಿರುವಿ ನೋಡದವರು ಗೂಗೆಯನ್ನಷ್ಟೇ ತಂದರು.

‘ಮಣಿಚಿತ್ರತ್ತಾಳ್’ ಕಥೆಯ ಬಲವೆಲ್ಲ ಇಲ್ಲಿದೆ. ಪರ ನಾಡಿನಿಂದ ಒಬ್ಬ ನರ್ತಕಿಯನ್ನು ತಂದು ಧಣಿಯೊಬ್ಬ ಮನೆಯಲ್ಲಿ ಇರಿಸಿಕೊಂಡ, ಅವಳಿಗೆ ಪ್ರಿಯನಿದ್ದ, ಅವಳ ಜೀವ ಆ ಮನೆಯಲ್ಲೇ ಹೋಯಿತು. ಇದು ಹಳೆಯ ಅನ್ಯಾಯ. ಇತ್ತ ಆ ಮನೆಗೆ ಸೊಸೆಯಾಗಿ ಬಂದ ಗಂಗೆಯೂ ಎಳೆತನದಲ್ಲಿ ತಂದೆತಾಯಿಯರನ್ನು ಬಿಟ್ಟು ಅಜ್ಜಿಯ ಹತ್ತಿರ, ಅಜ್ಜಿಯ ಕಥೆಗಳ ಜೊತೆ ಒಂಟಿಯಾಗಿ ಬೆಳೆದವಳು. ಎರಡು ಒಂಟಿತನಗಳು ಬೀಗ ಹಾಕಿದ ಒಂದು ಕೋಣೆಯಲ್ಲಿ ಸಂಧಿಸುತ್ತವೆ. ನಾಗವಲ್ಲಿಯ ಸಿಟ್ಟು ಯಾರ ಮೇಲೆ ಎಂದು ಅಲ್ಲಿ ಯಾರೂ ಕೇಳಬೇಕಾಗಿಲ್ಲ. ಪಿ. ವಾಸು ಅವರು 2004ರಲ್ಲಿ ಅದನ್ನು ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದಾಗ ಜನ ಮುಗಿಬಿದ್ದು ನೋಡಿದರು. ಅದು ತೆರೆಗೆ ಬರುವ ಮುಂಚೆಯೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ ಸೌಂದರ್ಯ ಅವರ ಮುಖವನ್ನು ನೋಡುತ್ತ ನಾವು ಅತ್ತದ್ದೂ ನಿಜ, ಅಂಜಿದ್ದೂ ನಿಜ.

ಅಲ್ಲಿಂದ ಮುಂದೆ ನಾಗವಲ್ಲಿ ಅಂಗಡಿಯ ಸರಕಾದಳು. 2010ರ ‘ಆಪ್ತರಕ್ಷಕ’ದಲ್ಲಿ ಅವಳನ್ನು ಕೊಂದ ರಾಜ ನೂರು ದಾಟಿದರೂ ಇನ್ನೂ ಬದುಕಿಯೇ ಇದ್ದಾನೆ! ವಿಷ್ಣುವರ್ಧನರ ಮೇಲಿನ ಪ್ರೀತಿಯಿಂದ ಅದನ್ನು ನಾವು ನುಂಗಿಕೊಂಡೆವು. ಅವರು ಆಗ ನಮ್ಮೊಡನೆ ಇರಲಿಲ್ಲ. ತಮಿಳಿನಲ್ಲಿ ಇದೇ ಕಥೆ ‘ಚಂದ್ರಮುಖಿ’ಯಾಗಿತ್ತು. ಅದರ ಎರಡನೆಯ ಭಾಗದಲ್ಲಿ ಕುಲದೇವರ ಪೂಜೆಗೆಂದು ಒಂದು ಕುಟುಂಬ ಬಂದು ಅರಮನೆಯಲ್ಲಿ ಇಳಿಯುತ್ತದೆ. ಆ ಕುಟುಂಬಕ್ಕೂ ಆ ನರ್ತಕಿಗೂ ಏನು ಲೇವಾದೇವಿ? ಅವಳು ಮೈಮೇಲೆ ಬರುವುದು ಸಂಬಳಕ್ಕೆ ಬರುವ ನೌಕರನಂತೆ. ಮೊದಲ ಕಥೆಯಲ್ಲಿ ಮನೋವೈದ್ಯನಿದ್ದ, ರೋಗವಿತ್ತು, ರೋಗಕ್ಕೆ ಕಾರಣವಿತ್ತು. ಎರಡನೆಯದರಲ್ಲಿ ಎಲ್ಲವೂ ದಿಟವಾದ ದೆವ್ವ. ಕಾರಣ ಹೋದ ಮೇಲೆ ಉಳಿದದ್ದು ಬರಿಯ ಕಾಡಿಗೆ.

ಇನ್ನು ನಡುನಡುವೆ ಹಾಸ್ಯ. ‘ಸಾಹಿತ್ಯದರ್ಪಣ’ದ ವಿಶ್ವನಾಥ ಹಾಸ್ಯಕ್ಕೆ ಭಯಾನಕವನ್ನು ವಿರೋಧಿ ರಸವೆಂದು ಎಣಿಸುತ್ತಾನೆ. ಅವನು ಈಗಿನ ಚಿತ್ರಗಳನ್ನು ನೋಡಿದ್ದರೆ ಎರಡನ್ನೂ ಏಕಕಾಲಕ್ಕೆ ಕೊಲ್ಲುವ ಉಪಾಯವನ್ನು ಕಂಡು ಬೆರಗಾಗುತ್ತಿದ್ದ.

“ಭೂತದ ಚಿತ್ರದಲ್ಲಿ ತರ್ಕ ಹುಡುಕಬೇಡಿ, ಮಿದುಳನ್ನು ಮನೆಯಲ್ಲಿಟ್ಟು ಬನ್ನಿ” ಎನ್ನುವವರಿದ್ದಾರೆ. ಇವರ ಮೇಲೆ ನನಗೆ ನಿಜವಾಗಿಯೂ ಕೋಪ. ಭೂತದ ಕಥೆಯಷ್ಟು ಕಟ್ಟುನಿಟ್ಟಾದ ತರ್ಕ ಇನ್ನಾವ ಕಥೆಗೂ ಇಲ್ಲ. ಅದು ಸಾಲಗಾರನ ಖಾತೆಯಂತೆ: ಯಾರು ಯಾರಿಗೆ ಏನು ಬಾಕಿ, ಯಾರು ತೀರಿಸದೆ ಹೋದರು ಎಂಬುದು ಪೈಸೆಗೆ ಪೈಸೆ ಕೂಡಬೇಕು. ಮಿದುಳನ್ನು ಮನೆಯಲ್ಲಿಟ್ಟವನಿಗೆ ಅಂಜಿಕೆಯಾದರೂ ಎಲ್ಲಿಂದ ಬರಬೇಕು?

ನಮ್ಮ ಕಾಲೇಜಿನ ಮಿತ್ರರೊಬ್ಬರದು ಇನ್ನೊಂದು ತೆರ. ಮೂಢನಂಬಿಕೆಯ ಚಿತ್ರ ಸೋತದ್ದು ಒಳ್ಳೆಯದೇ ಆಯಿತೆಂದು ಅವರಿಗೆ ಸಂತೋಷ. ಅವರ ಕೈಗೆ ರನ್ನನ ‘ಗದಾಯುದ್ಧ’ವನ್ನು ಕೊಡಬೇಕೆಂದಿದ್ದೇನೆ. ಸಾವಿರ ವರ್ಷಗಳ ಹಿಂದೆ, ಇಲ್ಲಿಂದ ಬಹಳ ದೂರವಲ್ಲದ ಮುಧೋಳದ ಕಡೆಯ ಕವಿ, ದುರ್ಯೋಧನನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸಿದ. ಮರುಳುಗಳು ಅವನನ್ನು ಹಂಗಿಸುತ್ತವೆ, ನಗುತ್ತವೆ. ಕಾಲ ಕೆಳಗೆ ದ್ರೋಣ, ದುಶ್ಶಾಸನ, ಕರ್ಣ, ತನ್ನದೇ ಮಗ. ಎಲ್ಲ ಹೆಣಗಳೂ ಅವನ ಖಾತೆಯವು. ಮರುಳು ಎಂದರೆ ಭೂತವೂ ಹೌದು, ಹುಚ್ಚೂ ಹೌದು. ನಿಜವಾದ ಮರುಳು ಯಾರೆಂದು ಓದುಗನಿಗೆ ಗೊತ್ತು. ಅಲ್ಲಿ ನಗೆಯೂ ಇದೆ, ಭಯವೂ ಇದೆ, ವಿಶ್ವನಾಥನಿಗೂ ತಕರಾರು ಇರಲಾರದು. ಇದರಲ್ಲಿ ಮೂಢನಂಬಿಕೆ ಎಷ್ಟು ತೂಕವಿದೆಯೆಂದು ನನ್ನ ಮಿತ್ರರೇ ಹೇಳಲಿ.

ನಾನು ಪ್ರೇಕ್ಷಕರ ಪಕ್ಷದವನು, ಆದರೂ ಅವರೊಡನೆ ನನಗೊಂದು ಜಗಳವಿದೆ. ಮೋಸಹೋದೆವೆಂದು ಅವರಿಗೆ ಗೊತ್ತಾಗುತ್ತದೆ. ಎಲ್ಲಿ ಮೋಸವಾಯಿತೆಂದು ಕೇಳುವುದಿಲ್ಲ. ಗ್ರಾಫಿಕ್ಸ್ ಸುಮಾರು ಎಂದರೆ ನಿರ್ಮಾಪಕ ಮುಂದಿನ ಸಲ ಗ್ರಾಫಿಕ್ಸಿಗೆ ಇನ್ನಷ್ಟು ಸುರಿಯುತ್ತಾನೆ. ಸದ್ದು ಸಾಲದು ಎಂದರೆ ಕಿವಿ ಹರಿಯುವಷ್ಟು ಸದ್ದು ಮಾಡುತ್ತಾನೆ. ಕೇಳಿದ್ದು ಸಿಗುತ್ತದೆ, ಬೇಕಾದದ್ದು ಸಿಗುವುದಿಲ್ಲ.

ಅಜ್ಜಿಗೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ಎರಡು ದಿನ ಯೋಚಿಸಿದೆ. ಆಕೆ ಹರೆಯದಲ್ಲಿ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದವಳು. 1982ರಲ್ಲಿ ದೀಪಾ ಧನರಾಜ್ ಮತ್ತು ‘ಯುಗಾಂತರ್’ ತಂಡದ ಅವರ ಸಂಗಡಿಗರು ನಿಪ್ಪಾಣಿಯ ತಂಬಾಕು ಹೆಣ್ಣಾಳುಗಳ ಜೊತೆ ಸೇರಿ ಒಂದು ಚಿಕ್ಕ ಚಿತ್ರ ತೆಗೆದರು. ಕಪ್ಪು-ಬಿಳುಪು, ಅರ್ಧ ತಾಸಿನೊಳಗೆ ಮುಗಿಯುತ್ತದೆ. ದುಡಿದವರೇ ತಮ್ಮ ಪಾಡನ್ನು ಹೇಳುತ್ತಾರೆ, ಸಂಘ ಕಟ್ಟಿದ ಬಗೆಯನ್ನು ಹೇಳುತ್ತಾರೆ. ಅದರಲ್ಲಿ ಭೂತವಿಲ್ಲ. ಆದರೆ ಆ ಧೂಳನ್ನೂ ಆ ಮುಖಗಳನ್ನೂ ನೋಡುವಾಗ ನನಗಾದ ದಿಗಿಲು ಯಾವ ಅರಮನೆಯ ಚಿತ್ರದಲ್ಲೂ ಆಗಿಲ್ಲ. ಆ ಹೆಂಗಸರ ಸಿಟ್ಟು ಯಾರ ಮೇಲೆ ಎಂಬುದರಲ್ಲಿ ಅಲ್ಲಿ ಸಂದೇಹವೇ ಇಲ್ಲ. ನಮ್ಮ ಸೀಮೆಯಲ್ಲಿ ಬೀಗ ಹಾಕಿದ ಕೋಣೆಗಳಿಗೆ ಬರವೇ? ವಾಡೆಗಳಿವೆ, ವಖಾರಿಗಳಿವೆ. ಕಥೆ ಬೇಕಾದವನು ಚೆನ್ನೈ-ಹೈದರಾಬಾದಿನ ಸೆಟ್ಟು ಬಿಟ್ಟು ಇಲ್ಲಿಯ ಒಂದು ಬಾಗಿಲು ತಟ್ಟಬಾರದೆ?

ಮುಂದಿನ ವಾರ ಅದೇ ಪಡಸಾಲೆಯಲ್ಲಿ ಹುಡುಗ ಮತ್ತೊಂದು ದೆವ್ವದ ಚಿತ್ರ ಹಚ್ಚಿದ. ದೊಡ್ಡ ಮನೆ, ಉದ್ದನೆಯ ಮೆಟ್ಟಿಲು, ತಾನೇ ತೆರೆಯುವ ಬಾಗಿಲು. ಅಜ್ಜಿ ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ನೋಡಿದಳು.

“ತಮ್ಮಾ, ಆ ಮನ್ಯಾಗ ಸತ್ತಾಕಿ ಯಾರಪಾ?”

“ಅದನ್ನ ಇನ್ನೂ ಹೇಳಿಲ್ಲಬೇ ಆಯಿ, ನೋಡ, ಈಗ ಬರತೈತಿ.”

ಅರ್ಧ ತಾಸು ಕಳೆಯಿತು. ಅಜ್ಜಿ ಕನ್ನಡಕ ತೆಗೆದಿಟ್ಟು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡಳು.