ಅಂತರ್ಜಾಲದ ಸಂತೆಯಲ್ಲಿ ಅಂಗಡಿಯ ದಾರಿ

ಸಂತೆಯಲ್ಲಿ ಅಂಗಡಿ ಹೂಡುವವನ ಮೊದಲನೆಯ ಚಿಂತೆ ಸರಕಿನದಲ್ಲ, ಸ್ಥಳದ್ದು. ಮೂಲೆಯಲ್ಲಿ ಕುಳಿತವನ ಬಳಿ ಎಷ್ಟು ಒಳ್ಳೆಯ ಬೆಲ್ಲವಿದ್ದರೇನು, ಗಿರಾಕಿ ಅಲ್ಲಿಯವರೆಗೆ ಬರಬೇಕಲ್ಲ! ಅಂತರ್ಜಾಲವೆಂಬ ಮಹಾಸಂತೆಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಸ್ಥಳ ಗೊತ್ತು ಮಾಡುವವರು ಪುರಸಭೆಯವರಲ್ಲ. ಗೂಗಲ್ ಮೊದಲಾದ ಶೋಧಯಂತ್ರಗಳು. ಆ ಯಂತ್ರಗಳ ಕಣ್ಣಿಗೆ ತನ್ನ ಪುಟ ಬೀಳುವಂತೆ ಅಣಿಗೊಳಿಸುವ ವಿದ್ಯೆಗೆ ಇಂಗ್ಲಿಷಿನ ಮೂರಕ್ಷರಗಳನ್ನು ಕೂಡಿಸಿ ‘ಎಸ್‌ಇಒ’ ಎಂದು ಹೆಸರಿಟ್ಟಿದ್ದಾರೆ.

ಈ ವಿದ್ಯೆಯ ಮಾತು ಈಗ ಮಹಾನಗರಗಳಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರುಗಳಲ್ಲಿ ಪದವಿ ಪಡೆದು, ಕೆಲಸಕ್ಕಾಗಿ ಪುಣೆಗೋ ಬೆಂಗಳೂರಿಗೋ ಹೋಗದೆ ಮನೆಯಲ್ಲಿದ್ದುಕೊಂಡೇ ನಾಲ್ಕು ಕಾಸು ಗಳಿಸಬಯಸುವ ತರುಣ ತರುಣಿಯರಿಗೆ ಅದು ಅನ್ನದ ಪ್ರಶ್ನೆಯೂ ಆಗಬಲ್ಲುದು. ಅವರ ಹಿಂದೆ ನಿಂತು ಹಣ ಹೂಡುವವರು ಹೆತ್ತವರು. ಆದುದರಿಂದ ಇದರ ಮೂಲಪಾಠ ಮನೆಯವರೆಲ್ಲರಿಗೂ ತಿಳಿದಿರುವುದು ಲೇಸು.

ಹೆಸರು ಹೊಸದು, ಕಸುಬು ಹಳೆಯದು

ಅಫಿಲಿಯೇಟ್ ಎಂಬ ಪದ ಹೊಸದಾದರೂ ಕಸುಬು ಹಳೆಯದೇ. ಲಿಂಬೆ ಬೆಳೆಗೆ ಹೆಸರಾದ ಇಂಡಿಯ ಸೀಮೆಯಲ್ಲಿ ಅಡತಿಯವನಾರೆಂದು ಮಕ್ಕಳಿಗೂ ಗೊತ್ತು. ಮಾಲು ಅವನದಲ್ಲ, ಕೊಳ್ಳುವವನೂ ಅವನಲ್ಲ. ಇಬ್ಬರನ್ನೂ ಕೂಡಿಸಿದ್ದಕ್ಕೆ ಅವನಿಗೆ ಕಮಿಷನ್ ಸಲ್ಲುತ್ತದೆ. ಅಫಿಲಿಯೇಟ್ ಜಾಲತಾಣದ ಒಡೆಯನೂ ಹಾಗೆಯೇ. ಯಾವುದೋ ವಸ್ತುವಿನ ವಿಷಯ ಬರೆಯುತ್ತಾನೆ. ಅದನ್ನು ಮಾರುವ ಅಂಗಡಿಗೆ ಕೊಂಡಿ ಕೊಡುತ್ತಾನೆ. ಓದಿದವನು ಆ ಕೊಂಡಿಯ ಮೂಲಕ ಹೋಗಿ ಕೊಂಡರೆ ಇವನಿಗೆ ಬೆಲೆಯಲ್ಲೊಂದು ಪಾಲು. ಅಮೆಜಾನ್ ಸಂಸ್ಥೆ ಇಂತಹ ಏರ್ಪಾಡನ್ನು 1996ರಲ್ಲಿಯೇ ಆರಂಭಿಸಿತ್ತು. ಭಾರತದಲ್ಲಿ ಅದರ ಅಂಗಡಿ ತೆರೆದದ್ದು 2013ರಲ್ಲಿ.

ಪಾಲು ಎಷ್ಟೆಂಬುದನ್ನು ಮೊದಲೇ ಲೆಕ್ಕ ಹಾಕುವುದು ಜಾಣತನ. ಉದಾಹರಣೆಗೆ, ಸಾವಿರ ರೂಪಾಯಿಯ ವಸ್ತುವಿಗೆ ನೂರಕ್ಕೆ 5ರಂತೆ ಕಮಿಷನ್ ಎಂದಿಟ್ಟುಕೊಳ್ಳಬಹುದು. ತಿಂಗಳಿಗೆ ಸಾವಿರ ಜನ ಪುಟ ಓದಿ, ಅವರಲ್ಲಿ 50 ಜನ ಕೊಂಡಿಯನ್ನು ಒತ್ತಿ, ಕೊನೆಗೆ ಇಬ್ಬರು ಕೊಂಡರೆ ಕೈಗೆ ಬರುವುದು 100 ರೂಪಾಯಿ! ಈ ಲೆಕ್ಕ ಹೊಸಬರನ್ನು ಅಂಜಿಸುವುದಕ್ಕಲ್ಲ. ಸಾಲ ತಂದು ಹೂಡುವ ಉದ್ಯಮ ಇದಲ್ಲವೆಂಬುದನ್ನು ತಿಳಿಸುವುದಕ್ಕಷ್ಟೆ.

ಯಂತ್ರ ಹುಡುಕುವ ಬಗೆ

ಶೋಧಯಂತ್ರದ ಕೆಲಸ ಮೂರು ಹಂತದ್ದು. ಮೊದಲು ಅದರ ದೂತರು ಕೊಂಡಿಯಿಂದ ಕೊಂಡಿಗೆ ಹಾಯುತ್ತ ಲೋಕದ ಪುಟಗಳನ್ನೆಲ್ಲ ಓದುತ್ತಾರೆ. ಎರಡನೆಯದಾಗಿ, ಓದಿದ್ದನ್ನು ಗ್ರಂಥಾಲಯದ ಸೂಚಿಯಂತೆ ವಿಂಗಡಿಸಿ ಇಡಲಾಗುತ್ತದೆ. ಮೂರನೆಯದಾಗಿ, ಯಾರಾದರೊಬ್ಬರು ಪ್ರಶ್ನೆ ಕೇಳಿದೊಡನೆ ಆ ಸೂಚಿಯಿಂದ ತಕ್ಕ ಪುಟಗಳನ್ನಾರಿಸಿ ಮೇಲುಕೆಳಗಾಗಿ ಜೋಡಿಸಿ ತೋರಿಸಲಾಗುತ್ತದೆ.

ಈ ಮೇಲುಕೆಳಗಿನ ನಿರ್ಣಯವೇ ಎಲ್ಲಕ್ಕಿಂತ ಕಠಿಣವಾದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಜಿ ಬ್ರಿನ್ 1998ರಲ್ಲಿ ಗೂಗಲ್ ಸಂಸ್ಥೆಯನ್ನು ಕಟ್ಟಿದಾಗ ಅವರ ಕೈಯಲ್ಲಿದ್ದುದು ಒಂದು ಸರಳವಾದ ವಿಚಾರ: ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದೊಂದು ಮತ ಚಲಾಯಿಸಿದಂತೆ, ಗಣ್ಯ ಪುಟದ ಮತಕ್ಕೆ ಹೆಚ್ಚಿನ ತೂಕ. ಇಂದು ಇತರ ನೂರಾರು ಲಕ್ಷಣಗಳನ್ನೂ ಯಂತ್ರ ಪರಿಗಣಿಸುತ್ತದೆ. ಆದರೆ ಅದರ ಮೂಲ ಪ್ರಶ್ನೆ ಮಾತ್ರ ಬದಲಾಗಿಲ್ಲ: ಕೇಳಿದವನಿಗೆ ಈ ಪುಟದಿಂದ ನಿಜವಾಗಿ ಉಪಯೋಗವುಂಟೆ?

ಹಂಚೋ, ಕಾವಲಿಯೋ?

ಹೊಸಬರು ಮೊದಲು ಕಲಿಯಬೇಕಾದ ಪಾಠ ಗಿರಾಕಿಯ ಮಾತು. ಬರೆಯುವವನ ಬಾಯಲ್ಲಿ ಬರುವ ಪದವಲ್ಲ, ಹುಡುಕುವವನು ಬೆರಳಿನಿಂದ ಒತ್ತುವ ಪದ ಇಲ್ಲಿ ಮುಖ್ಯ. ಮುದ್ದೇಬಿಹಾಳದ ಗೃಹಿಣಿಯೊಬ್ಬಳು ಅಡಿಗೆಮನೆಯ ಸಾಮಾನುಗಳ ವಿಷಯದಲ್ಲಿ ಜಾಲತಾಣ ತೆರೆದಳೆನ್ನಿ. ಅವಳಿಗೆ ರೊಟ್ಟಿ ಬೇಯಿಸುವುದು ‘ಹಂಚು’. ಮೈಸೂರಿನವಳಿಗೆ ಅದು ‘ಕಾವಲಿ’. ‘ಹಂಚು’ ಎಂದರೆ ಅವಳ ಮನಸ್ಸು ಮನೆಯ ಮಾಡಿಗೆ ಹೋಗುತ್ತದೆ! ಪೇಟೆಯ ಬಹುಮಂದಿಗೆ ‘ತವಾ’. ಬರಿಯ ‘ಕಬ್ಬಿಣದ ಹಂಚು’ ಎಂದು ಬರೆದ ಪುಟ ಅರ್ಧ ನಾಡಿಗೆ ಕಾಣದು. ‘ಜೋಳದ ರೊಟ್ಟಿಯ ಕಬ್ಬಿಣದ ಹಂಚು’ ಎಂದು ಶೀರ್ಷಿಕೆ ಕೊಟ್ಟು, ಒಳಗೆ ಕಾವಲಿ, ತವಾ ಎಂಬ ಮಾತುಗಳೂ ಸಹಜವಾಗಿ ಬರುವಂತೆ ಬರೆದರೆ ಎಲ್ಲರಿಗೂ ದಾರಿಯಾದಂತಾಯಿತು. ಇಂಡಿಯವರ ‘ಲಿಂಬೆ’ ಹಳೆಯ ಮೈಸೂರಿನವರಿಗೆ ‘ನಿಂಬೆ’ಯಾಗುವುದೂ ಇದೇ ಬಗೆಯ ತೊಡಕು.

ಊರ ಹೆಸರುಗಳದ್ದು ಇನ್ನೊಂದು ಪೇಚು. ಬಿಜಾಪುರವು 2014ರ ನವೆಂಬರ್ 1ರಿಂದ ವಿಜಯಪುರವಾಯಿತು. ಆದರೂ ಹಳೆಯ ಹೆಸರಿನಿಂದ ಹುಡುಕುವವರು ಉಂಟು. ದೇವನಹಳ್ಳಿ ತಾಲೂಕಿನಲ್ಲಿ ಇನ್ನೊಂದು ವಿಜಯಪುರವಿದೆ. ಬರಿಯ ‘ಬಾಗೇವಾಡಿ’ ಎಂದರೆ ಬೆಳಗಾವಿಯ ಕಡೆಯ ಹಿರೇಬಾಗೇವಾಡಿಯೂ ಇದಿರಾದೀತು. ರೋಮನ್ ಲಿಪಿಯಲ್ಲಿ ಬರೆದ ‘ಇಂಡಿ’ಯಂತೂ ಸ್ವತಂತ್ರ ಚಲನಚಿತ್ರ, ಸಂಗೀತಗಳಿಗೆ ಸಲ್ಲುವ ಇಂಗ್ಲಿಷ್ ಪದಕ್ಕೆ ತೀರ ಹತ್ತಿರ. ಆದುದರಿಂದ ಊರಿನ ಜೊತೆಗೆ ಜಿಲ್ಲೆಯನ್ನೂ ಹೇಳುವುದು, ಹಳೆಯ ಹೆಸರನ್ನು ಒಮ್ಮೆಯಾದರೂ ಸ್ಮರಿಸುವುದು ಒಳ್ಳೆಯದು. ಆದರೆ ಒಂದೇ ಪದವನ್ನು ಸಾಲುಸಾಲಿಗೂ ತುರುಕುವ ಚಪಲ ಬೇಡ. ಯಂತ್ರ ಅದನ್ನು ಮೋಸವೆಂದೇ ಎಣಿಸುತ್ತದೆ. ಓದುಗನಿಗಂತೂ ಅದು ತಲೆನೋವು.

ಲಿಪಿಯ ವಿಷಯದಲ್ಲಿಯೂ ಎಚ್ಚರ ಬೇಕು. ಹಿಂದಿನ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರಮಾದರಿಗಳಲ್ಲಿ ಬರೆದದ್ದು ಪರದೆಯ ಮೇಲೆ ಅಚ್ಚಗನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ರೋಮನ್ ಅಕ್ಷರಗಳ ಕಲಸುಮೇಲೋಗರ. ಜಾಲತಾಣದ ಬರೆಹ ಯುನಿಕೋಡಿನಲ್ಲಿಯೇ ಇರತಕ್ಕದ್ದು. ಲಗ್ನಪತ್ರಿಕೆಯಂತೆ ಚಿತ್ರದೊಳಗೆ ಅಕ್ಷರ ಬಿಡಿಸಿ ಪುಟ ತುಂಬುವವರು ಉಂಟು. ಅಂತಹ ಪುಟದ ಮಾತು ಯಂತ್ರದ ಸೂಚಿಗೆ ಸರಿಯಾಗಿ ಸೇರುವುದೆಂಬ ಭರವಸೆಯಿಲ್ಲ.

ಮನೆಯ ಕಟ್ಟು

ಇನ್ನು ಪುಟದ ಕಟ್ಟು. ಒಂದು ಪುಟಕ್ಕೆ ಒಂದೇ ವಿಷಯ. ಆ ವಿಷಯವನ್ನು ಸ್ಪಷ್ಟವಾಗಿ ಹೇಳುವ ಶೀರ್ಷಿಕೆ. ಶೀರ್ಷಿಕೆ ಉದ್ದವಾದರೆ ಹುಡುಕಾಟದ ಪಟ್ಟಿಯಲ್ಲಿ ಅದರ ತುದಿ ಕತ್ತರಿಸಿಹೋಗುತ್ತದೆ. ಮುಖ್ಯವಾದ ಮಾತು ಮೊದಲೇ ಬರಲಿ. ಅದರ ಕೆಳಗೆ ಕಾಣಬೇಕಾದ ಎರಡು ಸಾಲಿನ ಪರಿಚಯವನ್ನೂ ಒಡೆಯನೇ ಬರೆದಿಡಬಹುದು. ಚಿತ್ರಗಳಿಗೆ ಅವುಗಳಲ್ಲೇನಿದೆಯೆಂಬ ವಿವರಣೆ ಇರಲಿ. ಕಣ್ಣಿಲ್ಲದ ಓದುಗರಿಗೂ ಅದರಿಂದ ಉಪಕಾರ. ಒಂದು ಪುಟದಿಂದ ತನ್ನದೇ ಸಂಬಂಧಿತ ಪುಟಗಳಿಗೆ ಕೊಂಡಿಯಿರಲಿ. ಬಾಗಿಲಿಲ್ಲದ ಕೋಣೆಯನ್ನು ಯಂತ್ರವೂ ಹೊಗಲಾರದು. ಹುಡುಕುವವರಲ್ಲಿ ಬಹುಮಂದಿ ಕೈಯಲ್ಲಿ ಹಿಡಿದಿರುವುದು ಮೊಬೈಲು. ದೊಡ್ಡ ದೊಡ್ಡ ಚಿತ್ರಗಳ ಭಾರದಿಂದ ನಿಧಾನವಾಗಿ ತೆರೆಯುವ ಪುಟದ ಮುಂದೆ ಕಾದು ಕುಳಿತುಕೊಳ್ಳುವ ತಾಳ್ಮೆ ಯಾರಿಗಿದೆ?

ಯಾವ ಪ್ರಶ್ನೆಗೆ ತನ್ನ ಪುಟ ಕಾಣಿಸಿತು, ಎಷ್ಟು ಜನ ಒಳಗೆ ಬಂದರು ಎಂಬುದನ್ನು ತಿಳಿಸುವ ‘ಸರ್ಚ್ ಕನ್ಸೋಲ್’ ಎಂಬ ಸಾಧನವನ್ನು ಗೂಗಲ್ ಬಿಟ್ಟಿಯಾಗಿಯೇ ಒದಗಿಸಿದೆ. ಅಂಗಡಿಗೆ ಖಾತೆಪುಸ್ತಕವಿದ್ದಂತೆ ಜಾಲತಾಣಕ್ಕೆ ಇದು. ವಾರಕ್ಕೊಮ್ಮೆ ಅದನ್ನು ನೋಡುವವನಿಗೆ ಮುಂದೆ ಯಾವ ವಿಷಯ ಬರೆಯಬೇಕೆಂದು ಗಿರಾಕಿಗಳೇ ಹೇಳಿಕೊಡುತ್ತಾರೆ.

ಸ್ವಂತ ಅನುಭವದ ಬೆಲೆ

ಕಟ್ಟು ಎಷ್ಟು ಚೆನ್ನಾಗಿದ್ದರೂ ಒಳಗೆ ಹುರುಳಿಲ್ಲದಿದ್ದರೆ ವ್ಯರ್ಥ. ಹೊಸಬರು ಜಾರುವುದು ಇಲ್ಲಿಯೇ. ಮಾರುವ ಸಂಸ್ಥೆಯ ವಿವರಣೆಯನ್ನೇ ನಕಲು ಮಾಡಿ, ಕೆಳಗೊಂದು ಕೊಂಡಿ ಹಚ್ಚಿ, ಹಣ ಬರುವುದೆಂದು ಕಾಯುತ್ತಾರೆ. ಇಂತಹ ಸತ್ತ್ವಹೀನ ಅಫಿಲಿಯೇಟ್ ಪುಟಗಳನ್ನು ಗೂಗಲಿನ ನಿಯಮಾವಳಿ ಹೆಸರಿಸಿಯೇ ದೂರವಿಡುತ್ತದೆ. ಯಂತ್ರದಿಂದಲೋ ಕೂಲಿಯವರಿಂದಲೋ ಸಾವಿರಾರು ಪುಟಗಳನ್ನು ಬರೆಯಿಸಿ ತುಂಬುವುದನ್ನೂ 2024ರ ಮಾರ್ಚ್‌ನಲ್ಲಿ ಅದು ನಿಷೇಧದ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಆಗಸ್ಟ್‌ನಿಂದ ಭಾರತದಲ್ಲಿಯೂ ಹುಡುಕಾಟದ ಪಟ್ಟಿಯ ನೆತ್ತಿಯ ಮೇಲೆ ಕೃತಕ ಬುದ್ಧಿಯೇ ಬರೆದ ಉತ್ತರ ಕಾಣಿಸತೊಡಗಿದೆ. ಸಾಮಾನ್ಯ ವಿಷಯಗಳಿಗೆ ಓದುಗನು ಅಲ್ಲಿಯೇ ತೃಪ್ತನಾಗಿ, ಕೆಳಗಿನ ಕೊಂಡಿಗಳತ್ತ ನೋಡದೆ ಹೊರಟುಹೋಗಬಹುದು.

ಹಾಗಾದರೆ ಸಣ್ಣ ಊರಿನ ಸಣ್ಣ ಬರಹಗಾರನಿಗೆ ಉಳಿಯುವುದೇನು? ಅವನ ಸ್ವಂತ ಅನುಭವ. ಚಪಾತಿ ಒತ್ತುವ ವಿದ್ಯುತ್ ಯಂತ್ರದಲ್ಲಿ ಜೋಳದ ರೊಟ್ಟಿ ಆಗುವುದೆ? ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಕೈಯಿಂದ ಬಡಿದು, ನೀರು ಸವರಿ ಬೇಯಿಸುವ ರೊಟ್ಟಿಯ ರೀತಿಯೇ ಬೇರೆ. ಯಂತ್ರವನ್ನು ಕೊಂಡು ತಂದು, ಜೋಳದ ಹಿಟ್ಟನ್ನೇ ಅದರಲ್ಲಿಟ್ಟು ಒತ್ತಿ, ಅಂಚು ಬಿರಿಯಿತೋ ಇಲ್ಲವೋ ನೋಡಿ, ತನ್ನದೇ ಚಿತ್ರಗಳೊಡನೆ ಬರೆಯಬಲ್ಲ ಗೃಹಿಣಿ ಮುದ್ದೇಬಿಹಾಳದಲ್ಲಿ ದೊರಕುವಂತೆ ಕ್ಯಾಲಿಫೋರ್ನಿಯದಲ್ಲಿ ದೊರಕುವಳೆ? ಬೆಂಗಳೂರಿನ ಬಾಡಿಗೆಮನೆಯಲ್ಲಿ ತವರಿನ ರೊಟ್ಟಿಯನ್ನು ನೆನೆಯುತ್ತಿರುವ ಸೊಸೆಗೆ ಬೇಕಾದ ಉತ್ತರ ಅದೇ. ಇಂಡಿಯ ಲಿಂಬೆಯ ತೋಟದಲ್ಲಿ ಔಷಧ ಸಿಂಪಡಿಸುವ ಪಂಪನ್ನು ಒಂದು ಹಂಗಾಮು ಬಳಸಿದ ರೈತನ ಮಗನ ಮಾತಿಗೂ ಅದೇ ಬೆಲೆ. ‘ಈ ವಸ್ತು ನಮ್ಮ ಕೆಲಸಕ್ಕೆ ಬಾರದು, ಕೊಳ್ಳಬೇಡಿ’ ಎಂದು ಬರೆಯುವ ಧೈರ್ಯ ಅವನಿಗಿದ್ದರೆ, ‘ಕೊಳ್ಳಿರಿ’ ಎಂದಾಗ ಜನ ನಂಬುತ್ತಾರೆ.

ಕಮಿಷನ್ ಬರುವುದನ್ನು ಮರೆಮಾಚಕೂಡದು. ಅಮೆಜಾನಿನ ಕರಾರಿನಲ್ಲಿಯೂ ಈ ಮಾತನ್ನು ಪುಟದಲ್ಲಿ ತಿಳಿಸಬೇಕೆಂಬ ನಿಬಂಧನೆಯಿದೆ. ಲಾಭದ ಸಂಬಂಧವಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿತು. ದಾರಿ ತಪ್ಪಿಸುವ ಶಿಫಾರಸಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹಣದ ಸಂಬಂಧವುಳ್ಳ ಕೊಂಡಿಗೆ ಯಂತ್ರ ತಿಳಿಯುವಂತೆ ಗುರುತು ಹಾಕುವ ಏರ್ಪಾಡೂ ಉಂಟು. ‘ಸ್ಪಾನ್ಸರ್ಡ್’ ಎಂಬ ಆ ಗುರುತನ್ನು ಗೂಗಲ್ 2019ರಲ್ಲಿ ಜಾರಿಗೆ ತಂದಿತು.

ಭರವಸೆ ಕೊಡುವವರ ಕಾಟ

ಕಟ್ಟಕಡೆಯ ಮಾತು, ಹೆತ್ತವರು ಅವಶ್ಯವಾಗಿ ಗಮನಿಸಬೇಕಾದದ್ದು. ಜಾಲತಾಣ ತೆರೆದ ಕೆಲವು ದಿನಗಳಲ್ಲಿಯೇ ‘ನಿಮ್ಮ ಪುಟವನ್ನು ಗೂಗಲಿನಲ್ಲಿ ಮೊದಲನೆಯದಾಗಿ ನಿಲ್ಲಿಸುತ್ತೇವೆ, ಇಷ್ಟು ಸಾವಿರ ಕೊಡಿ’ ಎಂಬ ಕರೆಗಳು ಬಂದಾವು. ಮೊದಲನೆಯ ಸ್ಥಾನದ ಭರವಸೆಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಸಾರಿದೆ. ಜಾಹೀರಾತಿನ ಸ್ಥಳಕ್ಕೆ ಹಣ ಪಡೆಯುವ ಆ ಸಂಸ್ಥೆ, ಸಾಮಾನ್ಯ ಪಟ್ಟಿಯ ಸ್ಥಾನವನ್ನು ಎಷ್ಟು ಕೊಟ್ಟರೂ ಮಾರುವುದಿಲ್ಲ. ಇಂತಹ ಗುತ್ತಿಗೆದಾರರಲ್ಲಿ ಕೆಲವರು ಹಣಕ್ಕೆ ಸಿಕ್ಕುವ ನೂರಾರು ಹಾಳು ಪುಟಗಳಿಂದ ಕೊಂಡಿ ಕೊಡಿಸಿ ಕೈತೊಳೆದುಕೊಳ್ಳುತ್ತಾರೆ. ಕೊಂಡ ಮತಗಳ ವಿರುದ್ಧ 2012ರಲ್ಲಿ ‘ಪೆಂಗ್ವಿನ್’ ಎಂಬ ಹೆಸರಿನ ಸುಧಾರಣೆ ಜಾರಿಗೆ ಬಂದಾಗ ಎಷ್ಟೋ ತಾಣಗಳು ಪಟ್ಟಿಯಲ್ಲಿ ಕೆಳಕ್ಕುರುಳಿದವು. ಕೊಟ್ಟ ಹಣವೂ ಹೋಯಿತು, ಕಟ್ಟಿದ ಹೆಸರೂ ಹೋಯಿತು ಎಂಬ ಸ್ಥಿತಿ ಯಾರಿಗೂ ಬೇಡ.

ನಿಜವಾದ ಕೆಲಸದ ಫಲಕ್ಕೆ ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆಂದು ಗೂಗಲಿನವರೇ ಹೇಳುತ್ತಾರೆ. ಅಷ್ಟು ಕಾಲ ಮನೆಯ ಹುಡುಗನೋ ಹುಡುಗಿಯೋ ದಿನಕ್ಕೊಂದೆರಡು ಗಂಟೆ ಕುಳಿತು ಬರೆಯುತ್ತಿದ್ದರೆ ‘ಏನು ಬಂತು?’ ಎಂದು ವಾರವಾರವೂ ಕೇಳುವುದು ತರವಲ್ಲ. ಹಾಗೆಯೇ ಇರುವ ನೌಕರಿಯನ್ನು ಬಿಟ್ಟು, ಅಥವಾ ಪರೀಕ್ಷೆಯ ಓದನ್ನು ತೊರೆದು ಅವರು ಇದನ್ನೇ ನೆಚ್ಚುವುದೂ ತರವಲ್ಲ. ಲಿಂಬೆಯ ಸಸಿ ನೆಟ್ಟವನು ಮೊದಲ ಕಾಯಿ ಕಾಣಲು ವರ್ಷಗಳನ್ನೇ ಕಾಯುತ್ತಾನೆ. ಅಷ್ಟರಲ್ಲಿ ನಡುವಿನ ಸಾಲುಗಳಲ್ಲಿ ಬೇರೆ ಬೆಳೆ ತೆಗೆದು ಹೊಟ್ಟೆ ಹೊರೆದುಕೊಳ್ಳುತ್ತಾನೆ. ಈ ಹೊಸ ಬೆಳೆಗೂ ಆ ಹಳೆಯ ಲೆಕ್ಕವೇ ಸರಿ.