ಇಂಗ್ಲೆಂಡ್–ಫ್ರಾನ್ಸ್ ಸಂಧಿಗಳೂ ನಾಲ್ಕು ತಾಲ್ಲೂಕುಗಳ ವರ್ತಕರೂ

ಭೂವಿಜ್ಞಾನದ ಗ್ರಂಥಗಳಲ್ಲಿ ರಾಮನಗರದ ಬಂಡೆಗೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂಬುದೇ ಹೆಸರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರಿನ ರೆಸಿಡೆಂಟನಾಗಿ ನೇಮಕಗೊಂಡ ಬ್ಯಾರಿ ಕ್ಲೋಸ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯ ಗೌರವಾರ್ಥ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಈ ಪೇಟೆಗೆ ಇಟ್ಟ ಹೆಸರು ಅದು. ಊರಿನ ಹೆಸರು ಕಾಲಾನಂತರದಲ್ಲಿ ಬದಲಾಯಿತು. ಬಂಡೆಯ ಹೆಸರು ಉಳಿದುಕೊಂಡಿತು.

ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿನ ಒಂದು ಪೇಟೆಗೆ ಈ ಹೆಸರು ಬಂದ ಬಗೆಯನ್ನು ವಿಚಾರಿಸಿದರೆ, ಉತ್ತರದ ಬಹುಪಾಲು ಇಲ್ಲಿನ ವರ್ತಕರು ಎಂದೂ ಕಂಡಿರದ ಎರಡು ದೇಶಗಳ ಪರಸ್ಪರ ಸಂಬಂಧದಲ್ಲಿ ದೊರೆಯುತ್ತದೆ. ಅವು ಇಂಗ್ಲೆಂಡ್ ಮತ್ತು ಫ್ರಾನ್ಸ್. ವಾಣಿಜ್ಯ ಪತ್ರಿಕೆಯೊಂದರಲ್ಲಿ ಇತಿಹಾಸದ ಈ ಪುಟವನ್ನು ತೆರೆಯಲು ಕಾರಣವಿದೆ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಮಗ್ರ ಆರ್ಥಿಕ ಮತ್ತು ವಾಣಿಜ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಸ್ವಿಟ್ಜರ್ಲೆಂಡ್, ನಾರ್ವೆ ಮೊದಲಾದ ನಾಲ್ಕು ಐರೋಪ್ಯ ದೇಶಗಳೊಡನೆ 2024ರಲ್ಲಿ ಮಾಡಿಕೊಂಡ ಒಪ್ಪಂದವು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಇಂತಹ ದಿನಗಳಲ್ಲಿ, ದೂರದ ರಾಜಧಾನಿಗಳಲ್ಲಿ ಬೀಳುವ ಸಹಿಯು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಅಂಗಡಿ ಹಾಗೂ ಕಾರ್ಖಾನೆಗಳನ್ನು ಹೇಗೆ ತಲುಪುತ್ತದೆ ಎಂಬುದನ್ನು ಅರಿಯುವುದು ಪ್ರತಿಯೊಬ್ಬ ಉದ್ಯಮಿಗೂ ಅವಶ್ಯಕ.

ರಾಜಿಯಾದಾಗಲೂ ಕೂಸು ಬಡವಾಯಿತು

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬುದು ಎಲ್ಲರೂ ಬಲ್ಲ ಗಾದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ವಿಷಯದಲ್ಲಿ ಮೈಸೂರು ರಾಜ್ಯಕ್ಕೆ ಜಗಳದಿಂದಲೂ ನಷ್ಟವಾಯಿತು, ರಾಜಿಯಿಂದಲೂ ನಷ್ಟವಾಯಿತು.

1778ರಲ್ಲಿ ಫ್ರಾನ್ಸ್ ಅಮೆರಿಕದ ಬಂಡಾಯಗಾರ ವಸಾಹತುಗಳೊಡನೆ ಸಂಧಿ ಮಾಡಿಕೊಂಡಿತು. ಅದರ ಫಲವಾಗಿ ಇಂಗ್ಲೆಂಡಿನೊಡನೆ ಯುದ್ಧ ಆರಂಭವಾಯಿತು. ಅಮೆರಿಕದ ಈ ಕಲಹದಿಂದಾಗಿ ಇಂಗ್ಲಿಷರು ಅದೇ ವರ್ಷ ಪುದುಚೇರಿಯನ್ನೂ 1779ರಲ್ಲಿ ಮಲಬಾರ್ ಕರಾವಳಿಯ ಮಾಹೆಯನ್ನೂ ವಶಪಡಿಸಿಕೊಂಡರು. ಮಾಹೆಯು ಹೈದರ್ ಅಲಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಬಂದರು. 1780ರ ಎರಡನೆಯ ಮೈಸೂರು ಯುದ್ಧಕ್ಕೆ ಇದು ಒಂದು ಮುಖ್ಯ ಕಾರಣವಾಯಿತು.

ಹೈದರನು 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ ನಂತರ ಟಿಪ್ಪು ಸುಲ್ತಾನನು ಯುದ್ಧವನ್ನು ಮುಂದುವರಿಸಿದನು. 1783ರಲ್ಲಿ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಪಕ್ಕದಲ್ಲಿ ಫ್ರೆಂಚ್ ತುಕಡಿಯೊಂದಿತ್ತು. ಆದರೆ ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳು ಆ ವರ್ಷದ ಜನವರಿಯಲ್ಲಿಯೇ ಪ್ರಾಥಮಿಕ ಶಾಂತಿಪತ್ರಕ್ಕೆ ಸಹಿ ಹಾಕಿದ್ದವು. ಹಡಗಿನ ಮೂಲಕ ಆ ಸುದ್ದಿ ಭಾರತಕ್ಕೆ ಬರಲು ತಿಂಗಳುಗಳೇ ಹಿಡಿದವು. ಬಂದೊಡನೆ ಫ್ರೆಂಚ್ ತುಕಡಿ ಮುತ್ತಿಗೆಯಿಂದ ಹಿಂದೆ ಸರಿಯಿತು. ಯುರೋಪಿನಲ್ಲಿ ನಡೆದ ಆ ಮಾತುಕತೆಯಲ್ಲಿ ಮೈಸೂರಿನ ಪ್ರತಿನಿಧಿಯೊಬ್ಬನೂ ಇರಲಿಲ್ಲ. 1784ರ ಮಾರ್ಚ್ 11ರ ಮಂಗಳೂರು ಸಂಧಿಯನ್ನು ಟಿಪ್ಪು ಒಂಟಿಯಾಗಿಯೇ ಮಾಡಿಕೊಳ್ಳಬೇಕಾಯಿತು.

ಅನಂತರವೂ ಅವನು ಫ್ರಾನ್ಸ್‌ನ ಮೇಲಿನ ಭರವಸೆಯನ್ನು ಬಿಡಲಿಲ್ಲ. ಸೈನಿಕ ನೆರವನ್ನೂ ಕುಶಲಕರ್ಮಿಗಳನ್ನೂ ಕೋರಿ ಮೂವರು ರಾಯಭಾರಿಗಳನ್ನು ಕಳುಹಿಸಿದನು. 1788ರ ಆಗಸ್ಟ್ 10ರಂದು ಹದಿನಾರನೆಯ ಲೂಯಿ ದೊರೆಯು ವರ್ಸೈ ಅರಮನೆಯಲ್ಲಿ ಅವರಿಗೆ ವೈಭವದ ದರ್ಶನವಿತ್ತನು. ಇಲ್ಲಿ ದಿನಾಂಕಗಳು ಗಮನಾರ್ಹ. ದರ್ಶನಕ್ಕೆ ಎರಡು ದಿನ ಮೊದಲು, ಹಣಕಾಸಿನ ಮುಗ್ಗಟ್ಟಿನಿಂದ ಬೇರೆ ದಾರಿ ಕಾಣದೆ, ದೊರೆಯು ದೇಶದ ಮಹಾಸಭೆಯನ್ನು ಕರೆಯುವುದಾಗಿ ಘೋಷಿಸಿದ್ದನು. ದರ್ಶನವಾದ ಆರು ದಿನಗಳಿಗೆ ಫ್ರೆಂಚ್ ಖಜಾನೆ ತನ್ನ ನಗದು ಪಾವತಿಗಳನ್ನು ಭಾಗಶಃ ಸ್ಥಗಿತಗೊಳಿಸಿತು. ದಿವಾಳಿಯ ಅಂಚಿನಲ್ಲಿದ್ದ ಪಾಲುದಾರನ ಬಾಗಿಲಿಗೆ ಮೈಸೂರು ತನ್ನ ಭವಿಷ್ಯವನ್ನು ಒಯ್ದಿತ್ತು. ರಾಯಭಾರಿಗಳು ಕೆಲವು ಕುಶಲಕರ್ಮಿಗಳೊಂದಿಗೆ ಹಿಂದಿರುಗಿದರೇ ಹೊರತು ಸೈನ್ಯ ಬರಲಿಲ್ಲ.

ಇದರ ಬೆಲೆಯನ್ನು ತೆತ್ತವರಲ್ಲಿ ಈ ಸೀಮೆಯ ಜನರೂ ಇದ್ದರು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದತ್ತ ಹೊರಟದ್ದು ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ, ಮಾರ್ಗವಾಗಿ. ಶತ್ರುವಿಗೆ ಕಾಳು, ಮೇವು ದೊರೆಯಬಾರದೆಂದು ಟಿಪ್ಪುವಿನ ಆಜ್ಞೆಯಂತೆ ಆ ಊರನ್ನೇ ನಾಶಪಡಿಸಲಾಯಿತು. ಅದೇ ವರ್ಷದ ಡಿಸೆಂಬರ್ 21ರಂದು, ಅಭೇದ್ಯವೆಂದು ಹೆಸರಾಗಿದ್ದ ಮಾಗಡಿಯ ಸಾವನದುರ್ಗ ಇಂಗ್ಲಿಷರ ವಶವಾಯಿತು. ಅದರ ಹಿಂದೆಯೇ ರಾಮಗಿರಿಯ ಕೋಟೆಯೂ ಹೋಯಿತು. ಕ್ರಾಂತಿಯ ಸುಳಿಗೆ ಸಿಲುಕಿದ್ದ ಫ್ರಾನ್ಸ್‌ನಿಂದ ಸಹಾಯ ಬರಲಿಲ್ಲ. 1798ರಲ್ಲಿ ಮಾರಿಷಸ್‌ನ ಫ್ರೆಂಚ್ ಗವರ್ನರನು ಟಿಪ್ಪುವಿನ ಪರವಾಗಿ ಸ್ವಯಂಸೇವಕರನ್ನು ಬಹಿರಂಗವಾಗಿ ಕರೆದನು. ಮಂಗಳೂರಿಗೆ ಬಂದಿಳಿದವರು ನೂರು ಜನರಿಗಿಂತ ಕಡಿಮೆ. ಆದರೆ ಯುದ್ಧ ಸಾರಲು ವೆಲ್ಲೆಸ್ಲಿಗೆ ಆ ಪ್ರಕಟಣೆಯೇ ಸಾಕಾಯಿತು. ಬ್ಯಾರಿ ಕ್ಲೋಸ್‌ನ ಹೆಸರು ಇಲ್ಲಿಗೆ ಬಂದದ್ದು ಹೀಗೆ.

1786ರ ವಾಣಿಜ್ಯ ಸಂಧಿ

ರಾಯಭಾರಿಗಳು ವರ್ಸೈ ತಲುಪುವುದಕ್ಕೆ ಎರಡು ವರ್ಷ ಮೊದಲು, 1786ರ ಸೆಪ್ಟೆಂಬರ್ 26ರಂದು, ಇಂಗ್ಲೆಂಡ್ ಮತ್ತು ಫ್ರಾನ್ಸ್‌ಗಳ ನಡುವೆ ವಾಣಿಜ್ಯ ಸಂಧಿಯೊಂದು ಏರ್ಪಟ್ಟಿತ್ತು. ಇಂಗ್ಲೆಂಡಿನ ಪರವಾಗಿ ಮಾತುಕತೆ ನಡೆಸಿದ ವಿಲಿಯಂ ಈಡನ್‌ನ ಹೆಸರಿನಿಂದ ಅದು ಪ್ರಸಿದ್ಧ. ಹತ್ತಿ ಬಟ್ಟೆ, ಪಿಂಗಾಣಿ, ಲೋಹದ ಸಾಮಾನುಗಳ ಮೇಲಿನ ಸುಂಕ ಶೇ. 10ರಿಂದ 15ರೊಳಗೆ ಇಳಿಯಿತು; ಪ್ರತಿಯಾಗಿ ಫ್ರೆಂಚ್ ದ್ರಾಕ್ಷಾರಸಕ್ಕೆ ಇಂಗ್ಲೆಂಡ್ ಸುಂಕ ಇಳಿಸಿತು. ವೈರಿಗಳೆಂದು ಮೈಸೂರು ನಂಬಿದ್ದ ಎರಡು ದೇಶಗಳು ಆ ವೇಳೆಗೆ ಪರಸ್ಪರ ಗಿರಾಕಿಗಳಾಗಿದ್ದವು.

ಸದರಿ ಸಂಧಿಯಲ್ಲಿ ವಾಣಿಜ್ಯ ಮಂಡಳಿಗಳು ಕಲಿಯಬೇಕಾದ ಪಾಠವೊಂದಿದೆ. ಇಂಗ್ಲೆಂಡಿನ ತಯಾರಕರು 1785ರಲ್ಲಿಯೇ ತಮ್ಮದೊಂದು ಸಾಮಾನ್ಯ ಮಂಡಳಿಯನ್ನು ಕಟ್ಟಿಕೊಂಡಿದ್ದರು. ಪಿಂಗಾಣಿ ಉದ್ಯಮಿ ಜೊಸೈಯಾ ವೆಜ್‌ವುಡ್ ಅದರ ಮುಂದಾಳುಗಳಲ್ಲೊಬ್ಬ. ಸಹಿ ಬೀಳುವ ಮೊದಲೇ ಅಲ್ಲಿನ ಸರ್ಕಾರ ತಯಾರಕರನ್ನು ಕರೆಸಿ, ಯಾವ ಸರಕಿಗೆ ಎಷ್ಟು ಸುಂಕ ತಾಳಿಕೆಯಾದೀತೆಂದು ಕೇಳಿ ಬರೆದುಕೊಂಡಿತು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ರೇಷ್ಮೆ ನೇಕಾರರ ಹಿತವನ್ನು ಕಾಯಲು ಫ್ರೆಂಚ್ ರೇಷ್ಮೆ ಬಟ್ಟೆಯ ಮೇಲಿನ ನಿಷೇಧವನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. ಇತ್ತ ಫ್ರಾನ್ಸ್‌ನಲ್ಲಿ, ನಾರ್ಮಂಡಿಯ ವಾಣಿಜ್ಯ ಮಂಡಳಿಯು ಸಂಧಿಯಿಂದ ತನ್ನ ಹತ್ತಿ ಉದ್ಯಮಕ್ಕಾದ ಹಾನಿಯನ್ನು ಅಂಶ ಅಂಶವಾಗಿ ವಿವರಿಸುವ ಒಂದು ವರದಿಯನ್ನು ಪ್ರಕಟಿಸಿತು. ವರದಿ ಸಮರ್ಥವಾಗಿತ್ತು. ಆದರೆ ಅದು ಬಂದದ್ದು 1788ರಲ್ಲಿ, ಸಂಧಿ ಜಾರಿಗೆ ಬಂದ ಮೇಲೆ. ಇಂಗ್ಲಿಷ್ ತಯಾರಕರು ಮೊದಲು ಮಾತಾಡಿದರು. ನಾರ್ಮಂಡಿಯವರು ತಡವಾಗಿ ಮಾತಾಡಿದರು. ಉಭಯತ್ರರ ಲಾಭನಷ್ಟದಲ್ಲಿ ಈ ಅಂತರಕ್ಕೂ ಒಂದು ಪಾಲಿದೆ.

ಅದೇ ರೇಷ್ಮೆಯ ಮುಂದಿನ ಕಥೆಯೂ ತಿಳಿದಿರಬೇಕು. 1826ರಲ್ಲಿ ನಿಷೇಧ ಹೋಗಿ ಸುಂಕ ಬಂದಿತು. 1860ರ ಜನವರಿ 23ರಂದು ಎರಡೂ ದೇಶಗಳು ಮತ್ತೊಂದು ವಾಣಿಜ್ಯ ಸಂಧಿ ಮಾಡಿಕೊಂಡಾಗ, ಬ್ರಿಟನ್ ರೇಷ್ಮೆ ಬಟ್ಟೆಯ ಮೇಲಿನ ಸುಂಕವನ್ನು ಪೂರ್ಣವಾಗಿ ತೆಗೆದುಹಾಕಿತು. ಲಿಯೋನ್ ನಗರದ ನೇಕಾರರಿಗೆ ಮಾರುಕಟ್ಟೆ ತೆರೆಯಿತು. ಇಂಗ್ಲೆಂಡಿನ ಕೊವೆಂಟ್ರಿಯ ರೇಷ್ಮೆ ರಿಬ್ಬನ್ ಉದ್ಯಮ ಕುಸಿದು ಸಾವಿರಾರು ಜನ ಊರು ಬಿಟ್ಟರು. ಒಂದೇ ಸಹಿ ಒಂದು ಊರಿಗೆ ಜಮೆ, ಇನ್ನೊಂದು ಊರಿಗೆ ಖರ್ಚು.

ಇಂದಿನ ಗಡಿರೇಖೆ

ಇವೆಲ್ಲ ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ಬ್ರಿಟನ್ ಐರೋಪ್ಯ ಸಮುದಾಯವನ್ನು ಸೇರುವುದಕ್ಕೆ ಫ್ರಾನ್ಸ್‌ನ ಅಧ್ಯಕ್ಷ ಡಿ ಗಾಲ್ 1963ರಲ್ಲಿಯೂ 1967ರಲ್ಲಿಯೂ ಅಡ್ಡಿಪಡಿಸಿದರು. 1973ರಲ್ಲಿ ಬ್ರಿಟನ್ ಒಳಗೆ ಬಂದಿತು. 2020ರ ಜನವರಿ 31ರಂದು ಹೊರನಡೆಯಿತು. 2021ರ ಜನವರಿಯಿಂದ ಲಂಡನ್ ಒಂದು ಮಾರುಕಟ್ಟೆ, ಪ್ಯಾರಿಸ್ ಇನ್ನೊಂದು ಮಾರುಕಟ್ಟೆ.

ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಕಟ್ಟುವ ಆಟಿಕೆ ತಯಾರಕನಿಗೆ ಇದರ ಅರ್ಥವೇನು? ಮೊದಲು ಲಂಡನ್ನಿನ ಸಗಟು ವ್ಯಾಪಾರಿಗೆ ಕಳುಹಿಸಿದ ಸರಕು ಅಲ್ಲಿಂದ ಪ್ಯಾರಿಸ್ಸಿಗೆ ಸುಂಕವಿಲ್ಲದೆ ಹೋಗುತ್ತಿತ್ತು. ಈಗ ಅದು ಎರಡನೆಯ ಗಡಿಯನ್ನು ದಾಟಬೇಕು. ಎರಡನೆಯ ತಪಾಸಣೆ, ಎರಡನೆಯ ಆಮದುದಾರನ ಹೊಣೆ. ಸುರಕ್ಷತೆಯ ಗುರುತುಗಳೂ ಎರಡಾದವು: ಐರೋಪ್ಯ ಒಕ್ಕೂಟಕ್ಕೆ ಸಿಇ, ಬ್ರಿಟನ್ನಿಗೆ ಯುಕೆಸಿಎ. ಬ್ರಿಟನ್ 2023ರಲ್ಲಿ ಆಟಿಕೆಯೂ ಸೇರಿದಂತೆ ಹಲವು ಸರಕುಗಳಿಗೆ ಸಿಇ ಗುರುತನ್ನು ಅನಿರ್ದಿಷ್ಟ ಕಾಲ ಒಪ್ಪುವುದಾಗಿ ಪ್ರಕಟಿಸಿತು. ಆದರೆ 2025ರಲ್ಲಿ ಐರೋಪ್ಯ ಒಕ್ಕೂಟವು, ಪ್ರತಿ ಆಟಿಕೆಗೂ ಡಿಜಿಟಲ್ ಪಾಸ್‌ಪೋರ್ಟ್ ಬೇಕೆನ್ನುವ ಹೊಸ ನಿಯಮಾವಳಿಯನ್ನು ಅಂಗೀಕರಿಸಿತು. ಭೌಗೋಳಿಕ ಸೂಚಿಕೆ ಪಡೆದ ಆಟಿಕೆಗಳಿಗೆ ಭಾರತದೊಳಗೆ ಗುಣಮಟ್ಟ ನಿಯಂತ್ರಣ ಆದೇಶದಿಂದ ದೊರೆತ ವಿನಾಯಿತಿಯು ಗಡಿಯಾಚೆ ಅನ್ವಯಿಸುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ರಫ್ತು ಮಾಡದವನಿಗೆ ಇದರ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಉತ್ತರಕ್ಕೆ ರಾಮನಗರದ ಗೂಡಿನ ಮಾರುಕಟ್ಟೆಯನ್ನೇ ನೋಡಿದರೆ ಸಾಕು. 2011ರ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ ಶೇ. 5ಕ್ಕೆ ಇಳಿಯಿತು. ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ನಡುವಿನ ಎರಡು ವರ್ಷಗಳ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ. ನ್ಯಾಯವಾಗಿ ಹೇಳುವುದಾದರೆ, ಅಗ್ಗದ ನೂಲು ಬೇಕಾಗಿದ್ದ ನೇಕಾರರಿಗೆ ಅದೇ ಇಳಿಕೆಯಿಂದ ಅನುಕೂಲವಾಯಿತು. ಬೆಳೆಗಾರ, ರೀಲರು, ಹುರಿ ಘಟಕ, ನೇಕಾರ ಇವರ ಹಿತಗಳು ಒಂದೇ ಅಲ್ಲ. ಹೀಗಿರುವುದರಿಂದಲೇ ಪ್ರತಿಯೊಬ್ಬರ ಲೆಕ್ಕವೂ ಪ್ರತ್ಯೇಕವಾಗಿ, ಮುಂಚಿತವಾಗಿ ಕಾಗದದ ಮೇಲೆ ಬರಬೇಕು.

ಆಗಬೇಕಾದ ಕೆಲಸ

ವಾಣಿಜ್ಯ ಒಪ್ಪಂದಗಳು ಕೆಟ್ಟವೆಂದು ಇದರ ತಾತ್ಪರ್ಯವಲ್ಲ. ಭಾರತ–ಬ್ರಿಟನ್ ಒಪ್ಪಂದದಲ್ಲಿ ಭಾರತದ ಸುಮಾರು ಶೇ. 99ರಷ್ಟು ಸುಂಕ ಬಾಬತ್ತುಗಳಿಗೆ ಬ್ರಿಟನ್ ಶೂನ್ಯ ಸುಂಕವನ್ನು ಒಪ್ಪಿದೆ. ಭಾರತವು ಸ್ಕಾಚ್ ವಿಸ್ಕಿಯ ಶೇ. 150ರ ಸುಂಕವನ್ನು ಮೊದಲ ಹಂತದಲ್ಲಿ ಶೇ. 75ಕ್ಕೆ ಇಳಿಸಲು ಒಪ್ಪಿದೆ. ಅಂದು ದ್ರಾಕ್ಷಾರಸ, ಇಂದು ವಿಸ್ಕಿ. ಕೊಡುಕೊಳ್ಳುವಿಕೆಯ ರೀತಿ ಬದಲಾಗಿಲ್ಲ. ಆದರೆ ಶೂನ್ಯ ಸುಂಕವು ತಾನಾಗಿಯೇ ಬಾಗಿಲಿಗೆ ಬರುವುದಿಲ್ಲ. ಸರಕಿನ ಮೂಲವನ್ನು ದಾಖಲೆಯಿಂದ ಸ್ಥಾಪಿಸಿದವನಿಗೆ ಮಾತ್ರ ಅದು ಲಭ್ಯ.

ಆದುದರಿಂದ ಮೂರು ಕೆಲಸಗಳು ಜರೂರಾಗಿವೆ. ಒಂದು, ಪ್ರತಿ ತಯಾರಕನೂ ತನ್ನ ಸರಕಿನ ಎಚ್‌ಎಸ್ ಸಂಖ್ಯೆಯನ್ನು ಸರಿಯಾಗಿ ಅರಿತಿರಬೇಕು. ಆಟಿಕೆಗೆ 9503, ಗೂಡಿಗೆ 5001, ಕಚ್ಚಾ ರೇಷ್ಮೆಗೆ 5002, ರೇಷ್ಮೆ ಬಟ್ಟೆಗೆ 5007. ಸುಂಕದ ಪಟ್ಟಿಗಳು ಮಾತಾಡುವುದು ಈ ಭಾಷೆಯಲ್ಲಿ ಮಾತ್ರ. ಎರಡು, ನೂಲು, ಮರ, ಬಣ್ಣ ಎಲ್ಲಿಂದ ಬಂದವೆಂಬುದಕ್ಕೆ ಖರೀದಿ ಬಿಲ್ಲುಗಳನ್ನು ಜೋಪಾನವಾಗಿ ಇಡಬೇಕು. ಇಡೀ ವಹಿವಾಟನ್ನು ಒಂದೇ ದೇಶದ ಒಬ್ಬನೇ ಖರೀದಿದಾರನಿಗೆ ಕಟ್ಟಿಹಾಕಬಾರದು. ಮೂರು, ನಾಲ್ಕು ತಾಲ್ಲೂಕುಗಳ ವರ್ತಕ ಸಂಘಗಳು ಒಟ್ಟಾಗಿ ಪ್ರತಿ ಉದ್ಯಮದ ಉತ್ಪಾದನೆ, ಕೂಲಿ, ಕಚ್ಚಾ ಮಾಲಿನ ವೆಚ್ಚ, ತಾಳಬಲ್ಲ ಸುಂಕದ ಮಟ್ಟ ಇವುಗಳ ಪಟ್ಟಿಯನ್ನು ಸಿದ್ಧಪಡಿಸಿ ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಒಪ್ಪಂದದ ಮಾತುಕತೆ ನಡೆಯುವಾಗ ಅಭಿಪ್ರಾಯ ತಿಳಿಸಲು ದೊರೆಯುವ ಕಾಲಾವಕಾಶ ಅಲ್ಪ. ಆ ಗಡುವಿನಲ್ಲಿ ಲೆಕ್ಕ ಬರೆಯಲು ಕುಳಿತರೆ ಆಗದು. ಬರೆದಿಟ್ಟ ಲೆಕ್ಕವನ್ನು ಒಪ್ಪಿಸುವಂತಿರಬೇಕು.

2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರುಗಳು ಬದಲಾಗುತ್ತವೆ. ಗೂಡು ಹರಾಜು ಕೂಗುವ, ಹಾಲೆ ಮರ ಕಡೆಯುವ, ಕಲ್ಲು ಸೀಳುವ ಕೈಗಳು ಅವೇ. 1783ರಲ್ಲಿ ಸುದ್ದಿ ಬರಲು ಆರು ತಿಂಗಳು ಬೇಕಾದುದರಿಂದ ಅಂದಿನವರ ಅಜ್ಞಾನಕ್ಕೆ ಕ್ಷಮೆಯಿತ್ತು. ಇಂದು ಒಪ್ಪಂದದ ಪೂರ್ಣ ಪಾಠ ಸಹಿಯಾದ ದಿನವೇ ಕೈಗೆ ಸಿಗುತ್ತದೆ. ಆದರೆ ಓದಿ ಎಚ್ಚರಗೊಳ್ಳುವುದು ನಾರ್ಮಂಡಿಯವರ ದಾರಿ. ಸಹಿಗೆ ಮುನ್ನವೇ ತನ್ನ ಸಾಲನ್ನು ಅದರಲ್ಲಿ ಬರೆಯಿಸುವುದು ವೆಜ್‌ವುಡ್‌ನ ದಾರಿ. ಮುಂದಿನ ಒಪ್ಪಂದದ ಮಾತುಕತೆ ಆರಂಭವಾಗುವುದರೊಳಗೆ ವರ್ತಕ ಬಾಂಧವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ.